ನಡಿಗೆಯೇ ಕಸುಬಾಗಬೇಕೆ? ಮೊದಲು ಒಂದು ನದಿಯ ದಾರಿ ಹಿಡಿಯಿರಿ

ಮಳೆ ಹಿಂದೆ ಸರಿದು ಘಟ್ಟದ ದಾರಿಗಳು ಒಣಗತೊಡಗಿದಾಗ ನನಗೆ ಪತ್ರಗಳು ಬರುತ್ತವೆ. ಕೆಲಸ ಬಿಟ್ಟು ದೂರದ ನಡಿಗೆಯನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ, ಅದರ ಜೊತೆಗೆ ಕಾಡು ಉಳಿಸುವುದಕ್ಕೂ ಏನಾದರೂ ಮಾಡಬಹುದೇ ಎಂದು ಕೇಳುತ್ತಾರೆ. ಎರಡಕ್ಕೂ ನನ್ನ ಉತ್ತರ ಹೌದು. ನಾನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿದ್ದುಕೊಂಡು ಅಘನಾಶಿನಿ ನದಿಯ ಉಗಮದಿಂದ ಕಡಲಿನವರೆಗೆ ಸಣ್ಣ ಗುಂಪುಗಳನ್ನು ನಡೆಸಿಕೊಂಡು ಹೋಗುತ್ತೇನೆ. ಮನೆಯ ಖರ್ಚು ನಡೆಯುವುದು ಅದರಿಂದಲೇ. ಈ ದಾರಿಗೆ ಬರಬೇಕೆನ್ನುವವರು ಹತ್ತಬೇಕಾದ ಶಿಖರಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ನದಿಯನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಮೊದಲ ಸಲಹೆ.

ಶಿಖರಕ್ಕೆ ಹೋದವರು ಬೆಳಿಗ್ಗೆ ಹತ್ತಿ ಸಂಜೆ ಇಳಿದು ಬಸ್ ಹಿಡಿಯುತ್ತಾರೆ. ನದಿಯ ಗುಂಟ ನಡೆಯುವವರು ಜನರ ಅಂಗಳ ಹಾಯ್ದೇ ಮುಂದೆ ಹೋಗಬೇಕು. ಅಘನಾಶಿನಿಯನ್ನೇ ನೋಡಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ, ಅಡಿಕೆ ತೋಟಗಳ ಮಗ್ಗುಲಲ್ಲಿ ಹರಿಯುತ್ತದೆ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕಣಿವೆ ಸೇರುತ್ತದೆ, ಉಪ್ಪಿನಪಟ್ಟಣದ ಕಡೆಗೆ ಬರುವಾಗ ಕಡಲಿನ ಭರತ ಅದನ್ನು ಎದುರುಗೊಳ್ಳುತ್ತದೆ. ಆಮೇಲೆ ಮಿರ್ಜಾನ, ತದಡಿ, ಸಮುದ್ರ. ಒಟ್ಟು ಸುಮಾರು 120 ಕಿಲೋಮೀಟರ್. ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮೇಲಿನ ಕಾನಿನಲ್ಲಿ ಮರ ಕಡಿದರೆ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಕೆಳಗೆ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರಿಗೆ ಅದರಿಂದ ಏನಾಗುತ್ತದೆ, ಮಾಣಿಕಟ್ಟೆಯ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ಗದ್ದೆಯಲ್ಲಿ, ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತಕ್ಕೆ ಸಿಹಿನೀರು ಎಷ್ಟು ಬೇಕು ಎಂಬುದೆಲ್ಲ ಒಂದೇ ನಡಿಗೆಯಲ್ಲಿ ಕಣ್ಣಿಗೆ ಬೀಳುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿತು. ಶಿರಸಿಯಿಂದ ನಡೆದು ಬಂದವರಿಗೆ ಆ ಮಾನ್ಯತೆ ಯಾಕೆ ಬಂತೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಅಮೆರಿಕದ ಉದ್ದ ದಾರಿಗಳ ಬಗ್ಗೆ ಓದಿ ಬಂದವರು ನಮ್ಮಲ್ಲಿ ಅಂಥದ್ದೇಕಿಲ್ಲ ಎಂದು ಕೇಳುವುದುಂಟು. ಅಲ್ಲಿನ ದಾರಿಗಳೂ ತಾವಾಗಿ ಇದ್ದವಲ್ಲ. ಬೆಂಟನ್ ಮೆಕೇ 1921ರಲ್ಲಿ ಅಪಲೇಚಿಯನ್ ದಾರಿಯ ಪ್ರಸ್ತಾಪವನ್ನು ಬರೆದು ಪ್ರಕಟಿಸಿದರು. 1937ರಲ್ಲಿ ದಾರಿ ಪೂರ್ಣಗೊಂಡಿತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1968ರಲ್ಲಿ. 14 ರಾಜ್ಯಗಳನ್ನು ಹಾಯುವ ಸುಮಾರು 3,500 ಕಿಲೋಮೀಟರ್ ದಾರಿಯ ಹಿಂದೆ ನಡೆಯುವವರ ವಕೀಲಿಕೆ ಇದೆ. ಅದೇ ದಾರಿಯನ್ನು 2011ರಲ್ಲಿ 46 ದಿನಗಳಲ್ಲಿ ಮುಗಿಸಿ ದಾಖಲೆ ಮಾಡಿದ ಜೆನಿಫರ್ ಫಾರ್ ಡೇವಿಸ್ ನಡಿಗೆಯ ಕಂಪನಿಯೊಂದನ್ನು ಕಟ್ಟಿದ್ದಾರೆ, ದಾರಿಗಳ ಪರವಾಗಿ ಮಾತನಾಡುತ್ತಲೂ ಇದ್ದಾರೆ. ನಮ್ಮ ಘಟ್ಟಕ್ಕೆ ಕೊರತೆ ಇರುವುದು ಗುರುತು ಹಾಕಿದ ದಾರಿಗೆ ಮಾತ್ರ, ಪರಂಪರೆಗಲ್ಲ. ಯುಗಾದಿಗೆ ಶ್ರೀಶೈಲಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ಉತ್ತರ ಕರ್ನಾಟಕದ ಹಳ್ಳಿಗರಿಗೆ ದೂರದ ನಡಿಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಅವರು 1981ರಿಂದ 1983ರವರೆಗೆ ಕಾಶ್ಮೀರದಿಂದ ಕೊಹಿಮಾಕ್ಕೆ ಹಿಮಾಲಯದ ಉದ್ದಕ್ಕೂ ನಡೆದರು. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿಯ ಸಾಲ್ಕಣಿಯ ಜನ ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು. 1987ರ ನವೆಂಬರ್‌ನಲ್ಲಿ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತು. ಒಂದು ತಂಡ ದಕ್ಷಿಣದ ಕನ್ಯಾಕುಮಾರಿಯಿಂದ, ಇನ್ನೊಂದು ಉತ್ತರದ ನವಾಪುರದಿಂದ ನಡೆದು 1988ರ ಫೆಬ್ರುವರಿಯಲ್ಲಿ ಗೋವಾದಲ್ಲಿ ಕೂಡಿಕೊಂಡವು. ಪಶ್ಚಿಮ ಘಟ್ಟವನ್ನು ಒಂದೇ ಭೂಭಾಗವಾಗಿ ನೋಡಬೇಕೆಂಬ ಮಾತಿಗೆ ಬಲ ಬಂದದ್ದು ಆ ನಡಿಗೆಯಿಂದ ಎಂದು ನಾನು ನಂಬಿದ್ದೇನೆ.

ಇನ್ನು ತಯಾರಿಯ ಮಾತು. ಬೆನ್ನಿನ ಚೀಲ ನಿಮ್ಮ ತೂಕದ ಐದನೇ ಒಂದು ಭಾಗ ಮೀರಬಾರದು. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ನೇಯ್‌ಸ್ಮಿತ್ ಅವರ ಹಳೆಯ ಸೂತ್ರ ಸ್ಕಾಟ್ಲೆಂಡಿನ ಬೋಳು ಗುಡ್ಡಗಳಿಗೆ ಸರಿ. ಬಿದಿರು, ಬೆತ್ತದ ಮೆಳೆ, ಹಾಸುಬಂಡೆಯ ಮೇಲಿನ ಹಾವಸೆ ಇರುವ ನಮ್ಮಲ್ಲಿ ಆ ವೇಗದ ಅರ್ಧ ಸಿಕ್ಕರೆ ಸಾಕು. ಘಟ್ಟದಲ್ಲಿ ದಿನಕ್ಕೆ 12ರಿಂದ 15 ಕಿಲೋಮೀಟರ್ ಎಂದು ಲೆಕ್ಕ ಹಾಕಿ, ಮಧ್ಯಾಹ್ನ 3ರೊಳಗೆ ತಂಗುವ ಊರು ಸೇರುವಂತೆ ಹೊರಡಿ. ಉಂಚಳ್ಳಿಯ ಕೆಳಗಿನ ಕಣಿವೆಯಲ್ಲಿ ನದಿಯ ಪಾತ್ರಕ್ಕಿಳಿದು ನಡೆಯಲು ನಾನು ಯಾರನ್ನೂ ಬಿಡುವುದಿಲ್ಲ. ಅಲ್ಲಿ ದಾರಿ ನದಿಯನ್ನು ಬಿಟ್ಟು ಊರುಗಳ ಮೇಲೆ ಸುತ್ತಿ ಹೋಗಬೇಕು, ಸುತ್ತಿಯೇ ಹೋಗಿ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರುವವರು ಬಹಳ. ಉಪ್ಪು, ಸುಣ್ಣ ಬೆರೆಸಿದ ಹೊಗೆಸೊಪ್ಪು, ಉದ್ದನೆಯ ದಟ್ಟ ಕಾಲುಚೀಲ ಇದ್ದರೆ ಅದು ಕಿರಿಕಿರಿಯೇ ಹೊರತು ಅಪಾಯವಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣಿಸುವುದೇ ಕಷ್ಟವಾದ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ, ನಡಿಗೆಗೆ ಹಿತವೆನಿಸುವ ಕೆಲವು ತಿಂಗಳುಗಳೂ ಸೇರಿ, ಅದರ ಕಾಟ. ನಮ್ಮ ತಾಲ್ಲೂಕಿನಲ್ಲಿ ಈ ಜ್ವರದಿಂದ ಜೀವ ಕಳೆದುಕೊಂಡವರಿದ್ದಾರೆ. ಹೊರಡುವ ಮುನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎಲ್ಲೆಲ್ಲಿ ಮಂಗ ಸತ್ತಿದೆ ಎಂದು ಕೇಳಿ, ಉಣುಗು ದೂರವಿಡುವ ಡೆಪಾ ತೈಲ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂರಬೇಡಿ. ಸಂಜೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ. ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಆ ಋತುವಿನಲ್ಲಿ ಯಾರನ್ನೂ ಕರೆದುಕೊಂಡು ಹೋಗಬಾರದು, ಎಷ್ಟೇ ಹಣ ಕೊಡುವ ಗುಂಪಾದರೂ.

ತರಬೇತಿ ಬೇಕೇ ಬೇಕು. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳಿವೆ. ಎತ್ತರದ ಪರ್ವತಗಳ ಶಿಸ್ತು ಕಲಿಯಬೇಕೆಂದರೆ ಉತ್ತರಕಾಶಿ, ಡಾರ್ಜಿಲಿಂಗ್‌ನ ಸಂಸ್ಥೆಗಳಿವೆ. ಆಸ್ಪತ್ರೆ ದೂರವಿರುವ ಜಾಗದ ಪ್ರಥಮ ಚಿಕಿತ್ಸೆಯನ್ನಂತೂ ಕಲಿಯದೆ ಇನ್ನೊಬ್ಬರ ಜೀವದ ಹೊಣೆ ಹೊರಬೇಡಿ.

ಅನುಮತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಭಯಾರಣ್ಯದೊಳಗೆ ಹೋಗಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆದು, ಅರಣ್ಯ ವಿಹಾರ ಜಾಲತಾಣದ ಮೂಲಕ ಮುಂಗಡ ನೋಂದಣಿ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಮಿತಿ ಸರಿಯಾದದ್ದೇ, ನನ್ನ ಮಟ್ಟಿಗೆ 300 ಕೂಡ ಹೆಚ್ಚು. ನದಿಯ ದಾರಿಯಲ್ಲಿ ಇಲಾಖೆಯ ಕಾಡಿನ ನಡುವೆ ಅಡಿಕೆ ತೋಟಗಳಿಗೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳು, ಖಾಸಗಿ ತೋಟಗಳು, ದೇವರ ಕಾಡುಗಳು ಬರುತ್ತವೆ. ಪ್ರತಿಯೊಂದಕ್ಕೂ ಕೇಳಬೇಕಾದ ಬಾಗಿಲು ಬೇರೆ. ತೋಟದ ಯಜಮಾನರ ಮನೆಗೆ ಹೋಗಿ, ಕವಳದ ಹರಿವಾಣದ ಮುಂದೆ ಕುಳಿತು, ಬೇಲಿಯ ಯಾವ ದಣಪೆ ದಾಟಬಹುದು ಎಂದು ಕೇಳುವುದಕ್ಕೆ ಹಿಡಿಯುವ ಸಮಯವೇ ಈ ಕಸುಬಿನ ಬಂಡವಾಳ. ಮೊದಲ ವರ್ಷ ಯಾರಿಂದಲೂ ಶುಲ್ಕ ಪಡೆಯದೆ ಈ ಕೆಲಸವನ್ನಷ್ಟೇ ಮಾಡಿ. ಆ ವರ್ಷದ ಊಟಕ್ಕೆ ಉಳಿತಾಯವಿಲ್ಲದಿದ್ದರೆ ಇರುವ ಕೆಲಸ ಬಿಡಬೇಡಿ.

ಹಣದ ಲೆಕ್ಕವನ್ನು ಬಿಚ್ಚಿ ಹೇಳುತ್ತೇನೆ. ವರ್ಷದಲ್ಲಿ ಗುಂಪು ನಡೆಸಬಹುದಾದ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಫೆಬ್ರುವರಿಯಿಂದ ಕಾಡಿನ ಬೆಂಕಿಯ ದಿನಗಳು, ಜೂನ್‌ನಿಂದ ಮಳೆ. ಅಂದರೆ ಮೂರನೇ ಒಂದು ಭಾಗದ ದುಡಿಮೆಯಲ್ಲಿ ಇಡೀ ವರ್ಷ ಸಾಗಬೇಕು. ಉಳಿದ ತಿಂಗಳಲ್ಲಿ ಸಂಶೋಧಕರ ಕ್ಷೇತ್ರಕಾರ್ಯಕ್ಕೆ ಸಹಾಯಕರಾಗಿ, ಶಾಲಾ ಶಿಕ್ಷಕರಿಗೆ ಹೊಳೆ ಹಳ್ಳ ತೋರಿಸುವ ಶಿಬಿರ ನಡೆಸಿ, ಪತ್ರಿಕೆಗಳಿಗೆ ಬರೆದು ಸಂಪಾದಿಸಬೇಕು. ನಡೆಯಲು ಬಂದವರು ಕೊಡುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯ ಊರುಗಳಲ್ಲೇ ಉಳಿಯಬೇಕೆಂಬುದು ನನ್ನ ನಿಯಮ. ಊಟ ವಸತಿ ಕೊಡುವ ಮನೆ, ಆ ಊರಿನ ದಾರಿ ಬಲ್ಲವರು, ದೋಣಿ ದಾಟಿಸುವವರು, ಎಲ್ಲರಿಗೂ ಅದೇ ದಿನ ಕೈಗೆ ಕೊಡಬೇಕು. ನನ್ನ ಪಾಲಿನಲ್ಲಿ ಒಂದಂಶವನ್ನು ಸಂಬಳವಿಲ್ಲದ ದಿನಗಳಿಗೆಂದು, ಅಂದರೆ ಗ್ರಾಮಸಭೆ, ಕಚೇರಿ ಓಡಾಟ, ಯೋಜನೆಗಳ ಬಗ್ಗೆ ಜನರ ಅಹವಾಲು ಕೇಳುವ ಆಲಿಕೆ ಸಭೆಗಳಿಗೆಂದು ತೆಗೆದಿಡುತ್ತೇನೆ. ಗುಂಪು ಎಂಟು ಜನ ದಾಟಿದರೆ ಒಂದು ಮನೆಯ ಜಗುಲಿ ಸಾಲುವುದಿಲ್ಲ, ಹಕ್ಕಿಯೂ ಕಾಣಿಸುವುದಿಲ್ಲ. ಕಣಿವೆಯಲ್ಲಿ ಯೋಜನೆ ತರಲು ಹೊರಟ ಸಂಸ್ಥೆಗಳ ಪ್ರಾಯೋಜಕತ್ವವನ್ನು ಎಂದೂ ತೆಗೆದುಕೊಳ್ಳಬೇಡಿ. ಒಮ್ಮೆ ಅವರ ಹೆಸರಿನ ಟೋಪಿ ಹಾಕಿಕೊಂಡವರ ಮಾತಿಗೆ ಊರಿನಲ್ಲಿ ಬೆಲೆ ಇರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಕಾಡಿನ ಪರವಾಗಿ ಮಾತನಾಡಲು ಪ್ರೀತಿ ಸಾಲದು, ದಾಖಲೆ ಬೇಕು. ಅದಕ್ಕೆ ನಡೆಯುವವರಷ್ಟು ಅನುಕೂಲ ಇನ್ನಾರಿಗೂ ಇಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯನ್ನು ಇಳಿಸಿಕೊಳ್ಳಿ. ಮೊಬೈಲ್‌ನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇರಲಿ; ನೀವು ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ, ಮಳೆಗೆ ಶಾಯಿ ಹರಡುತ್ತದೆ. ದಿನಾಂಕ, ಹೊತ್ತು, ಊರಿನವರು ಆ ಜಾಗಕ್ಕೆ ಕರೆಯುವ ಹೆಸರು, ಸರ್ವೆ ನಂಬರ್, ಕಂಡದ್ದು. ಹಳ್ಳದಲ್ಲಿ ನೀರು ಹರಿಯುತ್ತಿದೆಯೋ ನಿಂತಿದೆಯೋ ಬತ್ತಿದೆಯೋ ಎಂಬುದನ್ನು ಪ್ರತಿ ವರ್ಷ ಅದೇ ವಾರದಲ್ಲಿ, ಅದೇ ಕಲ್ಲಿನ ಬಳಿ ನಿಂತು ಬರೆಯಿರಿ. ಹಕ್ಕಿಗಳನ್ನು ಇ-ಬರ್ಡ್‌ಗೆ, ಗಿಡ, ಕಪ್ಪೆ, ಚಿಟ್ಟೆಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿ. ಸಿಂಗಳೀಕದ ಗುಂಪು ತಂಗುವ ಮರ, ಕಾಳಿಂಗದ ಗೂಡು, ಊರಿನವರು ಕಾಪಾಡಿಕೊಂಡು ಬಂದ ರಾಂಪತ್ರೆ ಜಡ್ಡಿಯ (ರಾಂಪತ್ರೆ ಮರಗಳ ಜೌಗು ಕಾಡಿನ) ಒಳದಾರಿ, ಇವುಗಳ ನಿಖರ ಜಾಗವನ್ನು ಮಾತ್ರ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಆ ಪುಸ್ತಕ ಮೊದಲು ಹೋಗಬೇಕಾದ ಜಾಗ ಗ್ರಾಮ ಪಂಚಾಯಿತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಕಪಾಟಿನಲ್ಲಿ ಮಲಗಿರುವ ಆ ದಾಖಲಾತಿಯನ್ನು ತೆಗೆಸಿ ನೋಡಿ. ನಿಮ್ಮ ಊರಲ್ಲದ ಕಡೆ ನೀವು ಮಾತನಾಡಬೇಡಿ. ಬರೆದದ್ದನ್ನು ಅಲ್ಲಿನ ಸದಸ್ಯರಿಗೆ ಓದಿ ಹೇಳಿ, ಸೇರಿಸುವುದೋ ಬಿಡುವುದೋ ಅವರು ತೀರ್ಮಾನಿಸಲಿ. ಸಿಗದ ಕಡತಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಇದೆ: 10 ರೂಪಾಯಿ, 30 ದಿನ.

ದೊಡ್ಡ ಯೋಜನೆ ಬಂದಾಗ ನಿಮ್ಮ ಪುಸ್ತಕದ ನಿಜವಾದ ಪರೀಕ್ಷೆ. ನಮ್ಮ ಪಕ್ಕದ ಶರಾವತಿ ಕಣಿವೆಯಲ್ಲಿ, ಸಿಂಗಳೀಕ ಅಭಯಾರಣ್ಯದ ನಡುವೆ, ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಹರಿಸಿ ವಿದ್ಯುತ್ ಪಡೆಯುವ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ಇದನ್ನು ಹತ್ತಿರದಿಂದ ಕಂಡಿದ್ದೇವೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಕಚೇರಿಗಳಲ್ಲಿ ನೋಡಲು ಸಿಗುತ್ತದೆ, ಸಾರಾಂಶ ಕನ್ನಡದಲ್ಲೂ ಇರಬೇಕು. ಆ 30 ದಿನಗಳಲ್ಲಿ ವರದಿಯ ಪ್ರತಿ ಪುಟವನ್ನೂ ನಿಮ್ಮ ಟಿಪ್ಪಣಿಯ ಎದುರಿಟ್ಟು ಓದಿ. ವರದಿಯಲ್ಲಿ ಕುರುಚಲು ಎಂದು ಬರೆದ ಜಾಗದಲ್ಲಿ ನೀವು ಕಂಡದ್ದು ಜಡ್ಡಿಯಾಗಿದ್ದರೆ, ಬೇಸಿಗೆಯಲ್ಲಿ ಒಣಗುತ್ತದೆಂದ ಹಳ್ಳದಲ್ಲಿ ಏಪ್ರಿಲ್‌ನಲ್ಲೂ ನೀರು ಹರಿದಿದ್ದರೆ, ಪುಟದ ಸಂಖ್ಯೆ, ಸರ್ವೆ ನಂಬರ್, ದಿನಾಂಕ, ಚಿತ್ರ ಸಹಿತ ಬರೆಯಿರಿ. ಪಶ್ಚಿಮ ಘಟ್ಟ ನಾಶವಾಗುತ್ತಿದೆ ಎಂಬ ನೋವಿನ ಪುಟಕ್ಕಿಂತ ಇಂಥ ಒಂದು ಸಾಲನ್ನು ತಳ್ಳಿಹಾಕುವುದು ಕಷ್ಟ.

ಸಭೆ ಇರುವುದು ಮುಖ್ಯವಾಗಿ ಯೋಜನೆಯಿಂದ ಬಾಧಿತರಾಗುವ ಸ್ಥಳೀಯರ ಮಾತು ಕೇಳಲು. ಹೊರಗಿನವರು ಲಿಖಿತವಾಗಿ ಕೊಡಬಹುದು. ಆದ್ದರಿಂದ ಮೈಕಿನ ಮುಂದೆ ನೀವು ನಿಲ್ಲುವ ಆಸೆ ಬಿಟ್ಟು, ನಿಮ್ಮನ್ನು ಜಗುಲಿಯಲ್ಲಿ ಮಲಗಿಸಿಕೊಂಡ ಮನೆಯವರಿಗೆ ಬೇಕಾದ ಅಂಶಗಳನ್ನು ಅವರ ಮಾತಿನಲ್ಲೇ ಬರೆದುಕೊಡಿ. ನಿಮ್ಮ ಲಿಖಿತ ಆಕ್ಷೇಪವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸಭೆ ಮುಗಿಯಿತೆಂದು ಜನ ಎದ್ದು ಹೊರಟರೂ ನೀವು ಏಳಬೇಡಿ. ನಡಾವಳಿಯ ಸಾರಾಂಶವನ್ನು ಅಲ್ಲಿಯೇ, ಕನ್ನಡದಲ್ಲಿ, ಸೇರಿದವರಿಗೆ ಓದಿ ಹೇಳಬೇಕೆಂದು ಅಧಿಸೂಚನೆಯೇ ಹೇಳುತ್ತದೆ; ಅಧ್ಯಕ್ಷತೆ ವಹಿಸಿದ ಅಧಿಕಾರಿ ಅದೇ ದಿನ ಸಹಿ ಮಾಡಬೇಕು. ಓದುವಾಗ ನಿಮ್ಮೂರಿನವರ ಮಾತು ಬಿಟ್ಟುಹೋಗಿದ್ದರೆ ಆ ಕ್ಷಣವೇ ಎದ್ದು ಹೇಳಿಸಿ, ಸೇರಿಸಿಕೊಂಡದ್ದನ್ನು ಮತ್ತೊಮ್ಮೆ ಓದಿಸಿ, ಆಮೇಲೆ ಬಸ್ಸಿಗೆ ಹೊರಡಿ.