ಡಯಾಲಿಸಿಸ್ ಹಾಸಿಗೆಯ ಪಕ್ಕದಲ್ಲಿ ಅಲ್ಟ್ರಾಸೌಂಡ್ ಕಲಿಸಿದ ನನ್ನ ಅನುಭವ

ನೆಫ್ರಾಲಜಿ ವಿಭಾಗದ ಕಿರಿಯ ವೈದ್ಯರಿಗೆ ಅಲ್ಟ್ರಾಸೌಂಡ್ ಕಲಿಸುವಾಗ ನಾನು ಪಾಠವನ್ನು ಆರಂಭಿಸುವುದು ಮೂತ್ರಪಿಂಡದಿಂದಲ್ಲ, ಶ್ವಾಸಕೋಶದಿಂದ. ಮೂತ್ರಪಿಂಡದ ಗಾತ್ರ, ಊತ ಇತ್ಯಾದಿಗಳನ್ನು ಅವರು ರೇಡಿಯಾಲಜಿ ವರದಿಗಳಲ್ಲಿ ದಿನವೂ ಓದುತ್ತಾರೆ. ಆದರೆ ಡಯಾಲಿಸಿಸ್‌ಗೆ ಬಂದ ರೋಗಿಯ ಮೈಯಲ್ಲಿ ಎಷ್ಟು ನೀರು ಸೇರಿದೆ, ಇಂದು ಎಷ್ಟನ್ನು ತೆಗೆಯಬೇಕು ಎಂಬ ಪ್ರಶ್ನೆಗೆ ಕಾಲಿನ ಬಾವು, ರಕ್ತದೊತ್ತಡ ಮತ್ತು ತೂಕವನ್ನೇ ನೆಚ್ಚಿಕೊಂಡಿರುತ್ತಾರೆ. ಕಾಲು ಬಾತಿರದ, ಸ್ಟೆತಾಸ್ಕೋಪಿಗೂ ಏನೂ ಕೇಳಿಸದ ರೋಗಿಯ ಶ್ವಾಸಕೋಶದಲ್ಲೂ ನೀರಿರಬಹುದು.

ಡಯಾಲಿಸಿಸ್ ಘಟಕದಲ್ಲಿ ಕಲಿಸುವವರಿಗೆ ದೊಡ್ಡದೊಂದು ಅನುಕೂಲವಿದೆ: ರೋಗಿಯ ದೇಹದಿಂದ ತೆಗೆದ ನೀರಿನ ಪ್ರಮಾಣ ಯಂತ್ರದಲ್ಲೇ ದಾಖಲಾಗುತ್ತದೆ. ಆದ್ದರಿಂದ ರೋಗಿಯ ಒಪ್ಪಿಗೆ ಪಡೆದು, ಡಯಾಲಿಸಿಸ್‌ಗೆ ಮುಂಚೆ ಮತ್ತು ನಂತರ ಒಬ್ಬರೇ ವೈದ್ಯರು ಅದೇ ರೋಗಿಯನ್ನು ಪರೀಕ್ಷಿಸುವಂತೆ ವ್ಯವಸ್ಥೆ ಮಾಡಿದೆ. ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ (ಮೈಗೆ ತಾಗಿಸಿ ಹಿಡಿಯುವ ಅಲ್ಟ್ರಾಸೌಂಡ್ ಸಾಧನ) ಇಟ್ಟು, ಪ್ಲೂರಾ (ಶ್ವಾಸಕೋಶದ ಹೊರಪೊರೆ) ಗೆರೆಯಿಂದ ಪರದೆಯ ತಳದವರೆಗೆ ಇಳಿಯುವ, ಉಸಿರಿನೊಂದಿಗೆ ಸರಿದಾಡುವ, ಶ್ವಾಸಕೋಶದಲ್ಲಿ ನೀರಿರುವುದನ್ನು ಸೂಚಿಸಬಲ್ಲ ಬಿ-ಲೈನ್‌ಗಳನ್ನು ಎದೆಯ 8 ಜಾಗಗಳಲ್ಲಿ ಎಣಿಸಿ ಬರೆದಿಡಬೇಕು. ಎರಡು-ಮೂರು ಲೀಟರ್ ನೀರು ಇಳಿದ ಮೇಲೆ ಅದೇ ಜಾಗದಲ್ಲಿ ಆ ಗೆರೆಗಳು ವಿರಳವಾಗಿ, ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಾಣುವ, ಅಡ್ಡಲಾಗಿರುವ ಎ-ಲೈನ್‌ಗಳು ಮತ್ತೆ ಮೂಡುವುದನ್ನು ಸ್ವತಃ ಕಂಡವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ನೀರು ಇಳಿದರೂ ಗೆರೆಗಳು ಹಾಗೆಯೇ ಉಳಿದ ರೋಗಿಯಿಂದ ಕಲಿಯುವುದು ಇನ್ನೂ ಹೆಚ್ಚು. ಪ್ಲೂರಾ ಗೆರೆ ಒರಟಾಗಿದ್ದರೆ ಫೈಬ್ರೋಸಿಸ್ (ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ) ಇರಬಹುದೇ, ಒಂದೇ ಕಡೆ ಗೆರೆಗಳಿದ್ದರೆ ನ್ಯುಮೋನಿಯಾ ಇರಬಹುದೇ ಎಂಬ ಯೋಚನೆ ಅಲ್ಲಿಂದಲೇ ಹುಟ್ಟುತ್ತದೆ.

ಐವಿಸಿಯನ್ನು, ಅಂದರೆ ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ, ನೀರು ಹೆಚ್ಚಾದಾಗ ಹಿಗ್ಗುವ ದೊಡ್ಡ ಅಭಿಧಮನಿಯನ್ನು, ನೋಡಲು ಕಲಿಸುವುದು ಇದಕ್ಕಿಂತ ಕಷ್ಟ. ಹೊಸಬರು ಮಹಾಪಧಮನಿಯನ್ನೇ ಐವಿಸಿ ಎಂದು ಅಳೆಯುವುದು ಸಾಮಾನ್ಯವಾದ್ದರಿಂದ, ರಕ್ತನಾಳವು ಹೃದಯದ ಬಲ ಹೃತ್ಕರ್ಣವನ್ನು ಸೇರುವುದನ್ನು ತೋರಿಸದೆ ಅಳತೆ ಹೇಳಬಾರದು ಎಂಬ ನಿಯಮ ಮಾಡಿದ್ದೇನೆ. ವ್ಯಾಸ 2.1 ಸೆಂಟಿಮೀಟರಿಗಿಂತ ಹೆಚ್ಚೇ, ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅದು ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆಯೇ ಎಂದು ನೋಡುವಾಗ, ಉಸಿರಿನೊಂದಿಗೆ ನಾಳವೇ ಪ್ರೋಬಿನ ನೋಟದಿಂದ ಪಕ್ಕಕ್ಕೆ ಸರಿದು ಕುಗ್ಗಿದಂತೆ ತೋರಬಹುದು. ಪ್ರೋಬನ್ನು ತಿರುಗಿಸಿ ನಾಳದ ಅಡ್ಡ ನೋಟವನ್ನೂ ನೋಡಿದರೆ ಈ ಭ್ರಮೆ ಬಯಲಾಗುತ್ತದೆ.

ಡಯಾಲಿಸಿಸ್ ಸೂಜಿ ಚುಚ್ಚಲೆಂದು ಕೈಯ ಅಪಧಮನಿ ಮತ್ತು ಅಭಿಧಮನಿಯನ್ನು ಜೋಡಿಸಿ ಮಾಡುವ ಫಿಸ್ಟುಲಾದ ಪರೀಕ್ಷೆಗೆ ಕೈ ಬೇಗ ಪಳಗುತ್ತದೆ. ಬಳಕೆಗೆ ಸಿದ್ಧವಾದ ಫಿಸ್ಟುಲಾದ ವ್ಯಾಸ ಕನಿಷ್ಠ 6 ಮಿಲಿಮೀಟರ್, ಚರ್ಮದಿಂದ ಆಳ 6 ಮಿಲಿಮೀಟರಿಗಿಂತ ಕಡಿಮೆ, ಹರಿವು ನಿಮಿಷಕ್ಕೆ 600 ಮಿಲಿಲೀಟರ್ ಎಂಬ ಸೂತ್ರ ನೆನಪಿನಲ್ಲೂ ಉಳಿಯುತ್ತದೆ.

ಈ ವಿದ್ಯೆಯ ಮಿತಿಯನ್ನೂ ಹೇಳದೆ ಬಿಡುವುದಿಲ್ಲ. 2021ರಲ್ಲಿ ಪ್ರಕಟವಾದ ಡಯಾಲಿಸಿಸ್ ರೋಗಿಗಳ ಮೇಲಿನ ಲಸ್ಟ್ (LUST) ಅಧ್ಯಯನದಲ್ಲಿ, ಅಲ್ಟ್ರಾಸೌಂಡ್ ನೋಡಿ ಡ್ರೈ ವೇಟ್ (ಹೆಚ್ಚುವರಿ ನೀರಿಲ್ಲದ ದೇಹದ ತೂಕ) ನಿರ್ಧರಿಸಿದ ಗುಂಪಿನಲ್ಲಿ ಶ್ವಾಸಕೋಶದ ನೀರು ಕಡಿಮೆಯಾದರೂ, ಸಾವು, ಹೃದಯಾಘಾತ ಮತ್ತು ಹೃದಯ ವೈಫಲ್ಯಗಳ ಒಟ್ಟು ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾನೂನಿನ ವಿಷಯವೂ ಪಾಠದ ಭಾಗವೇ: ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ, ಕಿಸೆಯಲ್ಲಿ ಹಿಡಿಸುವ ಯಂತ್ರವನ್ನೂ ನೋಂದಣಿಯಿಲ್ಲದೆ ಬಳಸುವಂತಿಲ್ಲ.

ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂಬುದನ್ನಷ್ಟೇ ನೋಡಿ ನಾನು ಅಂಕ ಕೊಡುವುದಿಲ್ಲ. ಎಷ್ಟು ನೀರು ತೆಗೆಯುವ ಯೋಜನೆಯಿದೆ ಎಂಬುದನ್ನು ಪ್ರೋಬ್ ಹಿಡಿಯುವ ಮೊದಲೇ ಬರೆದು, ನೋಡಿದ ಮೇಲೆ ಅದು ಬದಲಾಯಿತೇ, ಏಕೆ ಎಂಬುದನ್ನು ಅದರ ಕೆಳಗೆ ಬರೆಯಬೇಕು. ನಾವು ಕುಳಿತು ಚರ್ಚಿಸುವುದು ಆ ಎರಡು ಸಾಲುಗಳನ್ನು.