ಮೊಟ್ಟೆಗೆ ಕಾವು ಸಾಲದು, ತೇವವೂ ಹದವಾಗಿರಬೇಕು

ಮರಿ ಮಾಡುವ ಯಂತ್ರದಲ್ಲಿ (ಇನ್‌ಕ್ಯುಬೇಟರ್) ಕೋಳಿಮೊಟ್ಟೆ ಇಟ್ಟು ಇಪ್ಪತ್ತೊಂದು ದಿನ ಕಾದು, ಮರಿ ಬಾರದ ಮೊಟ್ಟೆಯನ್ನು ಒಡೆದು ನೋಡಿದವರಿಗೆ ಆ ಸಂಕಟ ಗೊತ್ತು. ಒಳಗೆ ಪುಕ್ಕ, ಉಗುರು ಎಲ್ಲ ಮೂಡಿದ, ಪೂರ್ತಿ ಬೆಳೆದ ಮರಿ. ಕೊಕ್ಕು ಪೊರೆಯ ಹತ್ತಿರ ಬಂದು ನಿಂತಿರುತ್ತದೆ. ಹೀಗೆ ಸೋತವರು ನನಗೆ ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಕಾವು ಸರಿಯಾಗಿಯೇ ಇತ್ತಲ್ಲ!’ ಇದ್ದಿರಬಹುದು. ಹೆಚ್ಚಿನವರು ಎಡವುವುದು ತೇವಕ್ಕೆಂದು ಯಂತ್ರದೊಳಗೆ ಇಡುವ ನೀರಿನ ತಟ್ಟೆಯಲ್ಲಿ.

ಚಿಪ್ಪಿನ ತುಂಬ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಮೊಟ್ಟೆಯೊಳಗಿನ ನೀರು ದಿನವೂ ಒಂದಿಷ್ಟು ಆವಿಯಾಗಿ ಹೋಗಬೇಕು. ನೀರು ಬಿಟ್ಟ ಜಾಗಕ್ಕೆ ಗಾಳಿ ತುಂಬಿ, ದಪ್ಪ ತುದಿಯಲ್ಲಿರುವ ಗಾಳಿಗೂಡು ಹಿಗ್ಗುತ್ತಾ ಬರುತ್ತದೆ. ಮರಿ ಮೊದಲ ಉಸಿರೆಳೆಯುವುದು ಅಲ್ಲಿಂದಲೇ. ತೇವ ಹೆಚ್ಚಾದರೆ ಗೂಡು ಕಿರಿದಾಗಿಯೇ ಉಳಿದು, ಊದಿಕೊಂಡ ಮರಿಗೆ ಹೊರಳಲು ಜಾಗ ಸಿಗುವುದಿಲ್ಲ. ಕಡಿಮೆಯಾದರೆ ಮರಿ ಸೊರಗುತ್ತದೆ, ಪೊರೆ ಒಣಗಿ ಗಟ್ಟಿಯಾಗುತ್ತದೆ.

ಮೊದಲು ಮಾಡಬೇಕಾದ್ದು ತೇವಮಾಪಕದ ಪರೀಕ್ಷೆ. ಅಗ್ಗದ ಮಾಪಕಗಳು ಹತ್ತು ಅಂಕೆ ಆಚೀಚೆ ತೋರಿಸುವುದು ಮಾಮೂಲು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಡೀ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಮಾಪಕ 75 ತೋರಿಸಬೇಕು. 68 ತೋರಿಸಿದರೆ ಪ್ರತಿ ಸಲವೂ ಏಳು ಸೇರಿಸಿ ಓದಿಕೊಳ್ಳಿ. ಮುಳ್ಳಿನ ಗುಂಡು ಮಾಪಕವನ್ನು ಮಾತ್ರ ಯಾರು ಬಿಟ್ಟಿ ಕೊಟ್ಟರೂ ಬೇಡ.

ಮೊಟ್ಟೆ ಇಡುವ ಮುಂಚೆ ಯಂತ್ರವನ್ನು ಒಂದು ದಿನ ಖಾಲಿ ಓಡಿಸಿ. ಫ್ಯಾನ್ ಇರುವ ಯಂತ್ರವಾದರೆ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು. ಮೊಟ್ಟೆಯ ಚೂಪು ತುದಿ ಕೆಳಗಿರಲಿ. ದಿನಕ್ಕೆ ಕನಿಷ್ಠ ಮೂರು ಸಲ ಹೊರಳಿಸಿ.

ಮೊದಲ 18 ದಿನ ತೇವಾಂಶ ಶೇ 45ರಿಂದ 55ರ ನಡುವೆ ಇರಲಿ. ಅದನ್ನು ಏರಿಸಬೇಕೆಂದು ಜನ ತಟ್ಟೆಗೆ ಇನ್ನಷ್ಟು ನೀರು ಸುರಿಯುತ್ತಾರೆ. ಆಳದಿಂದ ಏನೂ ಆಗದು, ನೀರಿನ ಹರವು ಹೆಚ್ಚಬೇಕು. ಅಗಲವಾದ ತಟ್ಟೆ ಇಡಿ, ಇಲ್ಲವೇ ನೀರಿನಲ್ಲಿ ಒಂದು ಸ್ಪಂಜು ನಿಲ್ಲಿಸಿ. ಕಡಿಮೆ ಮಾಡಬೇಕಿದ್ದರೆ ತಟ್ಟೆಯ ಅರ್ಧ ಭಾಗ ಮುಚ್ಚಿ. ಮಳೆಗಾಲದಲ್ಲಿ ನೀರೇ ಬೇಡವಾಗುವುದೂ ಉಂಟು. ಕೋಳಿಮೊಟ್ಟೆಯ ಮೇಲೆ ನೀರು ಚಿಮುಕಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಒದ್ದೆ ಚಿಪ್ಪಿನ ರಂಧ್ರಗಳಿಂದ ರೋಗಾಣುಗಳು ಸಲೀಸಾಗಿ ಒಳನುಗ್ಗುತ್ತವೆ.

ಆದರೂ ಮಾಪಕಕ್ಕಿಂತ ನಾನು ನಂಬುವುದು ತಕ್ಕಡಿಯನ್ನು. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ಸುಮಾರು ಶೇ 13 ಕಳೆದುಕೊಂಡಿರಬೇಕು. 60 ಗ್ರಾಂ ಮೊಟ್ಟೆ 52 ಗ್ರಾಂ ಆಸುಪಾಸಿಗೆ ಇಳಿಯಬೇಕು. ಅಂದರೆ ಏಳನೇ ದಿನಕ್ಕೆ ಮೂರು ಗ್ರಾಂ. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಮೊದಲ ದಿನದ ತೂಕ ಬರೆದಿಟ್ಟು ವಾರಕ್ಕೊಮ್ಮೆ ತೂಗಿ. ಮೂರರ ಬದಲು ಒಂದೂವರೆ ಗ್ರಾಂ ಮಾತ್ರ ಇಳಿದಿದ್ದರೆ ತೇವ ಜಾಸ್ತಿಯಾಗಿದೆ, ನೀರು ತೆಗೆಯಿರಿ. ಐದು ಗ್ರಾಂ ಇಳಿದಿದ್ದರೆ ಹರವು ಹೆಚ್ಚಿಸಿ. ತಕ್ಕಡಿ ಇಲ್ಲದವರು ಕತ್ತಲಲ್ಲಿ ದಪ್ಪ ತುದಿಗೆ ಟಾರ್ಚ್ ಹಿಡಿದು ಗಾಳಿಗೂಡಿನ ಅಂಚಿಗೆ ಗೆರೆ ಎಳೆಯಲಿ. ವಾರದಿಂದ ವಾರಕ್ಕೆ ಗೆರೆ ಕೆಳಗಿಳಿಯಬೇಕು.

ಇನ್ನು ಕೊನೆಯ ಮೂರು ದಿನ. ಕೆಲಸ ಕೆಡುವುದು ಇಲ್ಲೇ.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ 65–70ಕ್ಕೆ ಏರಿಸಿ, ಮುಚ್ಚಳ ಹಾಕಿ. ತಟ್ಟೆಗೆ ಒಂದು ಸಣ್ಣ ಕೊಳವೆ ಇಳಿಬಿಟ್ಟಿದ್ದರೆ ಮುಚ್ಚಳ ತೆರೆಯದೆ ಹೊರಗಿನಿಂದಲೇ ಉಗುರು ಬೆಚ್ಚಗಿನ ನೀರು ಹಾಕಬಹುದು. ತೇವ ಉಳಿಯಲೆಂದು ಗಾಳಿಕಿಂಡಿ ಮಾತ್ರ ಮುಚ್ಚಬೇಡಿ. ಮರಿಗೆ ಅತಿ ಹೆಚ್ಚು ಆಮ್ಲಜನಕ ಬೇಕಾಗುವುದು ಇದೇ ಹೊತ್ತಿನಲ್ಲಿ.

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಸತ್ತಿಲ್ಲ, ದಣಿವಾರಿಸಿಕೊಳ್ಳುತ್ತಿದೆ. ಪೂರ್ತಿ ಹೊರಬರಲು 12ರಿಂದ 24 ಗಂಟೆ ಬೇಕು. ಮನೆಯವರೆಲ್ಲ ಸೇರಿ ‘ಒಂದ್ಸಲ ನೋಡೋಣ’ ಎಂದು ಮುಚ್ಚಳ ಎತ್ತುವುದು ಆಗಲೇ. ಒಂದೇ ಕ್ಷಣದಲ್ಲಿ ತೇವವೆಲ್ಲ ಹಾರಿಹೋಗುತ್ತದೆ. ಬಿರುಕಿನ ಅಂಚಿನಲ್ಲಿ ಬಿಳಿಯಾಗಿ, ಮೆತ್ತಗೆ ಇದ್ದ ಪೊರೆ ಹಳದಿಗೆ ತಿರುಗಿ ಒಣ ಕಾಗದದಂತೆ ಬಿಗಿಯುತ್ತದೆ. ಪುಕ್ಕಕ್ಕೆ ಅಂಟಿಕೊಂಡ ಆ ಪೊರೆಯೊಳಗೆ ಮರಿ ತಿರುಗಲಾರದೆ ಉಳಿಯುತ್ತದೆ. ಹೊರಬಂದ ಮರಿಗಳು ಹಸಿದಾವೆಂಬ ಚಿಂತೆಯೂ ಬೇಡ. ಹೊಟ್ಟೆಗೆ ಎಳೆದುಕೊಂಡ ಮೊಟ್ಟೆಯ ಹಳದಿಯ ಬಲದಲ್ಲಿ ಅವು ಎರಡು ದಿನ ಧಾರಾಳವಾಗಿ ಇರಬಲ್ಲವು. ಉಗುರಿನಿಂದ ಚಿಪ್ಪು ಸುಲಿದು ಸಹಾಯ ಮಾಡಲು ಹೋದರೆ, ಇನ್ನೂ ರಕ್ತ ಹರಿಯುತ್ತಿರುವ ನಾಳಗಳು ಕಿತ್ತುಹೋಗುತ್ತವೆ.

ಮರಿಗಳನ್ನು ಮೈ ಒಣಗಿ ಪುಕ್ಕ ಉಬ್ಬಿದ ಮೇಲೆ ತೆಗೆಯಿರಿ. 23ನೇ ದಿನ ಕಳೆದರೂ ಒಡೆಯದ ಮೊಟ್ಟೆಗಳನ್ನು ಹಾಗೇ ಎಸೆಯದೆ ಒಂದೊಂದಾಗಿ ಬಿಡಿಸಿ ನೋಡಿ. ಗಾಳಿಗೂಡು ಕಿರಿದಾಗಿ ಒಳಗೆ ನೀರು ನಿಂತಿದ್ದರೆ ಮುಂದಿನ ಸಲ ಮೊದಲ 18 ದಿನದ ತೇವವನ್ನು ಐದು ಅಂಕೆ ಇಳಿಸಿ. ಗೂಡು ತೀರಾ ದೊಡ್ಡದಾಗಿ, ಮರಿ ಸಣ್ಣಗೆ ಸೊರಗಿದ್ದರೆ ಅಷ್ಟೇ ಏರಿಸಿ.