ಮುರುಗಲು ಸಿರಪ್ಪಿನ ಹೆಸರು ಉಳಿಸಿಕೊಂಡ ಕಥೆ

ನಮ್ಮ ಮುರುಗಲು (ಕೋಕಂ) ಸಿರಪ್ಪಿನ ಹೆಸರು ತಮ್ಮದು, ಬಳಸಬೇಡಿ ಅಂತ ದೊಡ್ಡ ಕಂಪನಿಯ ವಕೀಲರ ನೋಟಿಸ್ ಬಂದಾಗ ಶಿರಸಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಸುಮ್ನೆ ಹೆಸರು ಬದಲಿಸು ಮಾರಾಯಾ." ನಾನು ಬದಲಿಸಲಿಲ್ಲ. ಇವತ್ತಿಗೂ ಬಾಟಲಿ ಮೇಲೆ ಅದೇ ಹೆಸರಿದೆ.

ಆ ನೋಟಿಸ್ ಬಗ್ಗೆ ಅಕ್ಕನ ಮಗ ಒಂದು ವಿಡಿಯೊ ಮಾಡಿ ಹಾಕಿದ. ನೋಟಿಸ್ ಓದಿ ಪಕ್ಕದಲ್ಲಿ ನಮ್ಮ ಬಾಟಲಿ ಇಟ್ಟ, ಅಷ್ಟೇ. ಹೆಚ್ಚುಕಡಿಮೆ ಮೂರು ಲಕ್ಷ ಜನ ನೋಡಿದರು. ಬೇಸಿಗೆಯಲ್ಲಿ ಮಾಡಿಟ್ಟ ಸಿರಪ್ಪೆಲ್ಲ ವಾರದೊಳಗೆ ಖಾಲಿ. ಆದರೆ ಕೇಸಿಗೆ ಅದರಿಂದ ಏನೂ ಆಗಲಿಲ್ಲ. ಮಾನಹಾನಿ ಅಂತ ಎರಡನೇ ನೋಟಿಸ್ ಬಂತು. ವೈರಲ್ ಆಗಿದ್ದಕ್ಕೇ ಗೆದ್ದೆ ಅಂತ ಈಗಲೂ ಜನ ಹೇಳುತ್ತಾರೆ. ಗೆಲ್ಲಿಸಿದ್ದು ಹಳೇ ಬಿಲ್ಲು.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಒಂದು ಹೆಸರನ್ನು ಮೊದಲಿಂದ ಬಳಸುತ್ತಿದ್ದವರನ್ನು ಆಮೇಲೆ ಬಂದವರು ತಡೆಯುವಂತಿಲ್ಲ. ಅವರಿಗಿಂತ ಮೊದಲಿಂದ, ನಡುವೆ ಬಿಡದೆ ಬಳಸಿದ್ದೇವೆ ಅಂತ ತೋರಿಸಬೇಕು. ಅವರದು 2017ರ ಆಸುಪಾಸು, ನಮ್ಮದು 2012. ಮೊದಲು ಕೈಬರಹದ ಬಿಲ್ಲು ಪುಸ್ತಕ ಒಯ್ದೆ. ಎಲ್ಲದರಲ್ಲೂ 'ಮುರುಗಲು ಸಿರಪ್, 2 ಬಾಟಲಿ' ಅಂತಷ್ಟೇ ಇತ್ತು. ಬ್ರಾಂಡ್ ಹೆಸರಿಲ್ಲ ಎಂದು ಬೆಂಗಳೂರಿನ ವಕೀಲರು ಪಕ್ಕಕ್ಕಿಟ್ಟರು. ಹಳೇ ಲೇಬಲ್ಲಿನಲ್ಲಿ ಹೆಸರಿತ್ತು, ತಾರೀಖು ಅಳಿಸಿಹೋಗಿತ್ತು.

ಕೊನೆಗೆ ಕೆಲಸಕ್ಕೆ ಬಂದಿದ್ದು ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿನ ಬಿಲ್ಲು. ಅಟ್ಟದ ಮೇಲೆ ಮಳೆಗಾಲದ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಒಲೆ ಹತ್ತಿರ ಒಣಗಿಸಿ, ಹಸಿ ಹಪ್ಪಳ ಬಿಡಿಸಿದ ಹಾಗೆ ಒಂದೊಂದೇ ಬಿಡಿಸಿದೆವು. ನಮ್ಮ ಹೆಸರು, ಲೇಬಲ್ ಎಷ್ಟು, ತಾರೀಖು, ಮೂರೂ ಅದರಲ್ಲಿದ್ದವು. ಜೊತೆಗೆ 2014, 2016, 2018ರ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಅಂಗಡಿಯ ಫೋಟೊ. ಜಾತ್ರೆ ನಡೆಯುವುದೇ ಎರಡು ವರ್ಷಕ್ಕೊಮ್ಮೆ. ಬಿಡದೆ ಮಾರಿದ್ದೇವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು, ಅಲ್ವಾ?

ಇವನ್ನೆಲ್ಲ ಯಾವ ಕ್ರಮದಲ್ಲಿ ಜೋಡಿಸಿ ಉತ್ತರ ಕೊಟ್ಟೆವು ಅಂತ ಮಾತ್ರ ಬರೆಯುವುದಿಲ್ಲ. ನಾಲ್ಕೈದು ತಿಂಗಳ ಮೇಲೆ ಅವರೇ ನೋಟಿಸ್ ವಾಪಸ್ ತೆಗೆದುಕೊಂಡರು.

ವಕೀಲರಿಗೆ ಸುಮಾರು 45 ಸಾವಿರ. ಅಫಿಡವಿಟ್ಟು, ನೋಟರಿ, ಬೆಂಗಳೂರು ಓಡಾಟ ಸೇರಿ 60ರ ಹತ್ತಿರ. ಹೊಸ ಹೆಸರಲ್ಲಿ ಲೇಬಲ್ಲು, ಬೋರ್ಡು ಮಾಡಿಸಿದ್ದರೆ ಅದಕ್ಕಿಂತ ಜಾಸ್ತಿಯೇ ಆಗುತ್ತಿತ್ತು, ಹಳೇ ಗಿರಾಕಿಗಳೂ ಕೈಬಿಡುತ್ತಿದ್ದರು.

ಇದರ ನಡುವೆ 29ನೇ ಕ್ಲಾಸಿನಲ್ಲಿ (ಟ್ರೇಡ್‌ಮಾರ್ಕಿಗೆ ಮಾಲುಗಳನ್ನು ವಿಂಗಡಿಸಿದ ಗುಂಪು) 'ಅಪ್ಪೆಮಿಡಿ' ಅಂತ ಉಪ್ಪಿನಕಾಯಿಗೂ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ ನೋಡಿದೆ. ಅದು ಬ್ರಾಂಡಲ್ಲ, ಉಪ್ಪಿನಕಾಯಿ ಹಾಕುವ ಮಾವಿನ ಮಿಡಿಯದೇ ಹೆಸರು ಎಂದು ಆಕ್ಷೇಪ ಬಂತು. ನ್ಯಾಯವೇ. ಆ ಹೆಸರು ಮಲೆನಾಡಿನ ಎಲ್ಲರದ್ದು. ಅದನ್ನು ಅಲ್ಲಿಗೇ ಬಿಟ್ಟೆ.

ಈಗ ಸಿರಪ್ಪಿಗೆ 32ನೇ ಕ್ಲಾಸಿನಲ್ಲಿ ಅರ್ಜಿ ಹೋಗಿದೆ. ನಮ್ಮಂಥ ಸಣ್ಣವರಿಗೆ ಆನ್‌ಲೈನ್ ಫೀಸು 4,500, ದೊಡ್ಡ ಕಂಪನಿಗೆ 9,000. ಅರ್ಜಿ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಬಂದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಹಾಕಬಹುದು. ಹಾಕಿದರೆ ಕೊಡುವ ಉತ್ತರ ಈಗಲೇ ತಯಾರಿದೆ.